ಹಸಿರು ಕಾಲಂ ಕಾಯುತ್ತಿದ್ದ ಅಕ್ಕ

ಎರಡು ತಿಂಗಳ ಹಿಂದೆ ನಮ್ಮ ಆಫೀಸಿನ ಅಕ್ಕನ ಬೀಳ್ಕೊಡುಗೆಯಲ್ಲಿ ನಾನು ಹತ್ತು ನಿಮಿಷ ಮಾತಾಡಿದೆ. ಚೆನ್ನಾಗಿ ಮಾತಾಡಿದೆ ಎಂದು ಎಲ್ಲರೂ ಹೇಳಿದರು. ಅಕ್ಕ ಮುಂದಿನ ಸಾಲಿನಲ್ಲಿ, ಕೊರಳಲ್ಲಿ ಎರಡು ಹಾರ ಹಾಕಿಕೊಂಡು ಕುಳಿತಿದ್ದರು. ಅವರೂ ಚಪ್ಪಾಳೆ ತಟ್ಟಿದರು. ಅಂದು ನಾನು ಹೇಳಿದ್ದರಲ್ಲಿ ಒಂದು ಮುಖ್ಯ ಸಂಗತಿ ನಿಜವಲ್ಲ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಹಾಗೇ ನಡೆದದ್ದೆಂದು ನಂಬಿದ್ದೆ. ನಾನು ದಿನಚರಿ ಬರೆಯುವವಳು. ನೆನಪಿನ ಮೇಲೆ ಪೂರ್ತಿ ಭಾರ ಹಾಕಬಾರದೆಂದು ತಿಳಿದವಳು. ಆದರೆ ಎಂಟು ವರ್ಷ ಪಕ್ಕದ ಕುರ್ಚಿಯಲ್ಲಿ ಕುಳಿತವರ ಬಗ್ಗೆ ನಾಲ್ಕು ಮಾತು ಹೇಳಲು ಹಳೆಯ ವಹಿ ಬೇರೆ ಬೇಕೆ ಎನಿಸಿತ್ತು. ಈಗ ಆ ವಹಿಗಳನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಅಕ್ಕನ ಹೆಸರು ಬರೆಯುವುದಿಲ್ಲ. ಬರೆದರೆ, "ಪೇಪರಿನ್ಯಾಗ ಯಾಕ ಹಾಕಿದಿ? ಫೋಟೋನೂ ಹಾಕಬೇಕಿತ್ತಿಲ್ಲ!" ಎಂದು ಬೈಯುತ್ತಾರೆ.

ನಮ್ಮದು ಬೀದರಿನ ಒಂದು ಸಣ್ಣ ಖಾಸಗಿ ಕಂಪನಿಯ ಶಾಖೆ. ಹಳ್ಳಿಗಳಲ್ಲಿ ಕುಡಿಯುವ ನೀರಿನ ಫಿಲ್ಟರ್ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನಮ್ಮ ಕೆಲಸ. ಯಾವ ಊರಿನದು ಕೆಟ್ಟಿದೆ, ಯಾವ ಮೆಕ್ಯಾನಿಕ್ ಹೋಗಿದ್ದಾನೆ, ಯಾವ ಸಾಮಾನು ಬರಬೇಕಾಗಿದೆ ಎಂಬುದೆಲ್ಲ ಕಂಪ್ಯೂಟರಿನಲ್ಲಿ ಒಂದು ಬೋರ್ಡಿನ ಮೇಲೆ ಕಾಣುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡು. ಕೆಲಸ ಸಾಗಿದಂತೆ ಕಾರ್ಡು ಎಡಗಡೆಯ ಕಾಲಂನಿಂದ ಬಲಕ್ಕೆ ಸರಿಯುತ್ತ ಹೋಗುತ್ತದೆ. ಕೊನೆಯ ಕಾಲಂ ಹಸಿರು. ಈ ಬೋರ್ಡನ್ನು ಜೋಡಿಸಿದವರು, ಕಾದವರು, ಅದರಲ್ಲಿ ಯಾರು ಏನನ್ನು ಮುಟ್ಟಬಹುದೆಂದು ನಿರ್ಧರಿಸುತ್ತಿದ್ದವರು ಅಕ್ಕ. ಅದು ಅಡ್ಮಿನಿಸ್ಟ್ರೇಟರ್ ಮಾಡುವ ಕೆಲಸ. ಆದರೆ ನಾನು ಸೇರಿದಾಗ ಅವರ ಕೊರಳಲ್ಲಿದ್ದ ಐಡಿ ಕಾರ್ಡಿನಲ್ಲಿ 'ರಜಿಸ್ಟರ್ ಕ್ಲರ್ಕ್' ಎಂದಿತ್ತು. ಆ ಎರಡು ಪದ ಬದಲಾಗಬೇಕೆಂಬುದು ಅವರ ಆಸೆ. ಮುಚ್ಚಿಟ್ಟ ಆಸೆಯೇನಲ್ಲ. ಮ್ಯಾನೇಜರರು ಎದುರಾದಾಗಲೆಲ್ಲ ಐಡಿ ಕಾರ್ಡನ್ನು ಎತ್ತಿ ಸೆರಗಿನಿಂದ ಗಸಗಸ ಒರೆಸುತ್ತಿದ್ದರು.

"ಎಷ್ಟ ಒರಸಿದ್ರೂ ಹೋಗವಲ್ದು ನೋಡ್ರಿ ಸಾಹೇಬ್ರೇ."

ಮ್ಯಾನೇಜರರು ನಗುತ್ತಿದ್ದರು. ನಕ್ಕು ಹೆಡ್ ಆಫೀಸಿಗೆ ಇನ್ನೊಂದು ಪತ್ರ ಬರೆಯುತ್ತಿದ್ದರು.

ಅಕ್ಕನ ತವರು ಔರಾದ ತಾಲ್ಲೂಕಿನ ಸಂತಪುರದ ಹತ್ತಿರದ ಹಳ್ಳಿ. ಕುರಿ ಸಾಕುವ ಮನೆತನ. ಪಿಯುಸಿ ಮುಗಿಸಿ, ಟೈಪಿಂಗ್ ಪರೀಕ್ಷೆ ಪಾಸಾಗಿ, ಮದುವೆಯಾಗಿ ಭಾಲ್ಕಿಗೆ ಬಂದರು. ಅಲ್ಲಿನ ಮನೆಮಾತು ಮರಾಠಿ. ಯಜಮಾನರದು ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ. ಅವರೊಂದಿಗೆ ಫೋನಿನಲ್ಲಿ ಅಕ್ಕ ಮರಾಠಿಯಲ್ಲಿ ಮಾತಾಡುತ್ತಿದ್ದರೆ ಎಲ್ಲ ಸರಿಯಿದೆ ಎಂದರ್ಥ. ಕನ್ನಡಕ್ಕೆ ಇಳಿದರೆ ನಾವು ಕುರ್ಚಿ ದೂರ ಸರಿಸುತ್ತಿದ್ದೆವು. ಭಾಲ್ಕಿಯಿಂದ ಬೀದರಿಗೆ ದಿನಾ ಬಸ್ಸು. ಮೊದಲ ದಿನ ಅವರನ್ನು ನೋಡಿದಾಗ ನೀಲಿ ಸೀರೆ ಉಟ್ಟಿದ್ದರೆಂದು ಬೀಳ್ಕೊಡುಗೆಯಲ್ಲಿ ಹೇಳಿದ್ದೆ. ದಿನಚರಿಯಲ್ಲಿ ಇರುವುದು ಹೀಗೆ: 'ಹಳದಿ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ. ಬಸ್ಸು ಹಿಡಿಯಲು ಓಡಬೇಕಂತೆ.' ಸೀರೆಯ ಬಣ್ಣ ತಪ್ಪಿದ್ದು ಇರಲಿ, ಆ ಶೂ ಹೇಗೆ ಮರೆತುಹೋಯಿತೋ.

ಸಾಫ್ಟ್‌ವೇರ್ ಬರುವ ಮೊದಲು ಅಕ್ಕ ದಪ್ಪ ರಜಿಸ್ಟರ್ ಬರೆಯುತ್ತಿದ್ದರು. ಹೊಸದನ್ನು ಕಲಿಸಲು ಹೈದರಾಬಾದಿನಿಂದ ಒಬ್ಬರು ಬಂದು ಮೂರು ದಿನ ಪಾಠ ಮಾಡಿದರಂತೆ. ಕೊನೆಗೆ ಯಾರಿಗಾದರೂ ಪ್ರಶ್ನೆ ಇದೆಯೇ ಎಂದಾಗ ಅಕ್ಕ ಕೈಯೆತ್ತಿ, "ಸರ್, ಕೆಲಸ ಆಗಿಲ್ಲ, ಆದ್ರ ಆಗ್ಯಾದ ಅಂತ ಹೇಳ್ತಾರಲ್ರಿ, ಅದಕ್ಕ ಯಾವ ಕಾಲಂ?" ಎಂದು ಕೇಳಿದರಂತೆ. ನಾನಾಗ ಇನ್ನೂ ಸೇರಿರಲಿಲ್ಲ, ಇದು ಕೇಳಿದ್ದು. ಆದರೆ ಕಾಲಂಗಳ ಹೆಸರು ಬದಲಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇಂಗ್ಲಿಷಿನಲ್ಲಿದ್ದ ನಾಲ್ಕು ಹೆಸರು ತೆಗೆದು ಅವರು ಹಾಕಿದ್ದು: ಬಂದದ, ನಡದದ, ನಿಂತದ, ಮುಗದದ. ಸ್ವಲ್ಪ ಗ್ರಂಥದ ಭಾಷೆ ಇದ್ದರೆ ಚೆನ್ನಾಗಿತ್ತು ಎಂದರು ಮ್ಯಾನೇಜರರು.

"ಮೆಕ್ಯಾನಿಕ್ ಮಂದಿ ಓದಬೇಕಾದದ್ರಿ ಸಾಹೇಬ್ರೇ. ಗ್ರಂಥ ರಿಪೇರಿಗಿ ಬರಂಗಿಲ್ಲ."

ಈಗ ನಮ್ಮ ಬೇರೆ ಶಾಖೆಗಳಲ್ಲೂ ಅವೇ ಹೆಸರುಗಳಿವೆ.

ನಾನು ಕಲಬುರಗಿಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ತುಸು ಜಂಬದಲ್ಲೇ ಬಂದವಳು. ಮೊದಲ ವಾರ ಬೋರ್ಡಿನ ಕಾರ್ಡುಗಳನ್ನೆಲ್ಲ ಎಣಿಸಿ, ಶೇಕಡಾವಾರು ಲೆಕ್ಕ ಹಾಕಿ, ಚಿತ್ರ ಬರೆದು ಅಕ್ಕನ ಮುಂದಿಟ್ಟೆ. ಅವರು ಹಾಳೆಯನ್ನು ಮಡಚಿ ಅದರ ಮೇಲೆ ಚಹಾದ ಕಪ್ಪು ಇಟ್ಟರು. ಆಮೇಲೆ ಪರದೆಯ ಕಡೆ ಒಮ್ಮೆ ಕಣ್ಣಾಡಿಸಿ ಹೇಳಿದರು:

"ಮನ್ನಳ್ಳಿದು ಬಂದಿಲ್ಲ."

"ಯಾವುದ್ರಿ ಅಕ್ಕಾ?"

"ಪ್ರತಿ ಸೋಮವಾರ ಮನ್ನಳ್ಳಿಯಿಂದ ಒಂದರ ತಕರಾರು ಬರ್ತದ. ಈ ವಾರ ಬಂದಿಲ್ಲ. ಅಂದ್ರ ಫಿಲ್ಟರ್ ನೆಟ್ಟಗಾಗ್ಯಾದ ಅಂತಲ್ಲವ್ವಾ, ಮಂದಿ ಹೇಳೋದು ಬಿಟ್ಟಾರ ಅಂತ."

ಫೋನ್ ಮಾಡಿದರೆ ನಿಜ. ಮನ್ನಳ್ಳಿಯ ಜನ ಬೇಸತ್ತು, ಹಳೆಯ ಕೊಳವೆಬಾವಿಯ ಉಪ್ಪು ನೀರಿಗೇ ಮರಳಿದ್ದರು. ಅಕ್ಕ ಕಪ್ಪು ಎತ್ತಿ, ಒದ್ದೆಯಾದ ನನ್ನ ಹಾಳೆಯನ್ನು ವಾಪಸು ಕೊಟ್ಟರು.

"ನಮ್ಮಪ್ಪ ಎಂದೂ ಕುರಿ ಎಣಿಸಲಿಲ್ಲ. ಸಂಜೀಕ ಹಟ್ಟಿ ಬಾಗಿಲದಾಗ ನಿಂತು ನೋಡ್ತಿದ್ದ, ಅಷ್ಟೇ. 'ಹರಕ ಕಿವಿದು ಬಂದಿಲ್ಲ' ಅಂತಿದ್ದ. ಹೋಗಿ ನೋಡಿದ್ರ ಹಳ್ಳದಾಗ ನಿಂತಿರ್ತಿತ್ತು. ನೀನೂ ಮೊದಲ ಯಾವುದು ಬಂದಿಲ್ಲ ನೋಡು. ಎಣಿಸೋದು ಆಮ್ಯಾಲ."

ಅವರ ಇನ್ನೊಂದು ಪದ್ಧತಿ ಬೇಳೆಯದು. ಮೆಕ್ಯಾನಿಕ್ ಬಂದು 'ಆಯ್ತು' ಎಂದ ಮಾತ್ರಕ್ಕೆ ಅಕ್ಕ ಕಾರ್ಡನ್ನು ಹಸಿರು ಕಾಲಂಗೆ ಕಳಿಸುತ್ತಿರಲಿಲ್ಲ. ಆ ಊರಿನ ಯಾವುದಾದರೂ ಮನೆಗೆ ಫೋನ್ ಹಚ್ಚುತ್ತಿದ್ದರು. ಫಿಲ್ಟರ್ ಸರಿಯಾಗಿದೆಯೇ ಎಂದು ಕೇಳಿದರೆ ಜನ ಸಂಕೋಚಕ್ಕೆ ಹೌದು ಎಂದುಬಿಡುತ್ತಾರಂತೆ. ಅದಕ್ಕೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಅವ್ವಾರ, ಇವತ್ತ ಬ್ಯಾಳಿ ಬೆಂತೇನ್ರಿ?" ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಬೇಯುವುದಿಲ್ಲ. ಫಿಲ್ಟರ್ ನೀರಿನಲ್ಲಿ ಬೇಯುತ್ತದೆ. ಬೇಳೆಯ ವಿಷಯದಲ್ಲಿ ಯಾವ ಹೆಣ್ಣುಮಗಳೂ ಸಂಕೋಚಕ್ಕೆ ಸುಳ್ಳು ಹೇಳುವುದಿಲ್ಲ ಎಂಬುದು ಅಕ್ಕನ ನಂಬಿಕೆ. ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ನಮ್ಮ ಆಫೀಸಿಗೆ ಹೊಸಬರು ಯಾರಾದರೂ ಬಂದರೆ ಇದೇನು ಖಾನಾವಳಿಯೇ ಎಂದು ಗಾಬರಿಯಾಗುತ್ತಿದ್ದರು.

ಈಗ ಆ ದಿನದ ವಿಷಯ.

ನಾನು ಸೇರಿ ಆರೇಳು ತಿಂಗಳಾಗಿತ್ತು. ಮ್ಯಾನೇಜರರ ಪತ್ರಗಳು ಕೊನೆಗೂ ಫಲ ಕೊಟ್ಟು, ಹೆಡ್ ಆಫೀಸಿನ ದೊಡ್ಡ ಸಾಹೇಬರು ಬೋರ್ಡು ನೋಡಲು ಬರುತ್ತಾರೆಂದು ತಿಳಿಯಿತು. ಬಾಕಿ ಇಲ್ಲದೆ ಹಸಿರಾಗಿ ಕಂಡರೆ ಅಕ್ಕನಿಗೆ ಅಡ್ಮಿನಿಸ್ಟ್ರೇಟರ್ ಹುದ್ದೆ ಅಂದೇ ಖಾತ್ರಿ. ಹಿಂದಿನ ದಿನ ಸಂಜೆ ಅಕ್ಕ ಬಸ್ಸಿಗೆ ಹೊರಟಾಗ 'ನಿಂತದ' ಕಾಲಂನಲ್ಲಿ ಹತ್ತೊಂಬತ್ತು ಕಾರ್ಡು ಇದ್ದವು. ಸಾಮಾನು ಬಾರದೆ ನಿಂತ ಕೆಲಸಗಳು, ಅಕ್ಕನ ತಪ್ಪೇನೂ ಇಲ್ಲ. ನನಗೆ ಕರುಳು ಚುರ್ ಎಂದಿತು. ಅಥವಾ ನನ್ನ ಜಾಣತನ ತೋರಿಸಬೇಕೆನಿಸಿತು. ಈಗ ಎರಡನ್ನೂ ಬೇರ್ಪಡಿಸಲಾರೆ. ಹತ್ತೊಂಬತ್ತನ್ನೂ ಒಟ್ಟಿಗೆ ಆಯ್ದು, ಒಂದೇ ಸಲಕ್ಕೆ 'ಮುಗದದ' ಕಾಲಂಗೆ ಎಳೆದುಬಿಟ್ಟೆ. ಬೋರ್ಡು ಮಳೆ ಬಿದ್ದ ಹೊಲದಂತಾಯಿತು. ಮನೆಗೆ ಹೋಗುವಾಗ ಹಾಡು ಗುನುಗುತ್ತಿದ್ದೆ ಎಂದು ದಿನಚರಿಯಲ್ಲಿದೆ.

ಬೆಳಿಗ್ಗೆ ಅಕ್ಕ ಬಂದರು, ಶೂ ಬಿಚ್ಚಿ ಚಪ್ಪಲಿ ಹಾಕಿಕೊಂಡರು, ಕಂಪ್ಯೂಟರ್ ಹಚ್ಚಿದರು. ಒಂದು ಕ್ಷಣ ಅಷ್ಟೇ.

"ಇದು ನನ್ನ ಹಟ್ಟಿ ಅಲ್ಲ."

ನನ್ನ ಕಡೆ ತಿರುಗಲೂ ಇಲ್ಲ. ಖಟಕ ಚಿಂಚೋಳಿಯ ಒಂದು ಮನೆಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು.

"ಅವ್ವಾರ, ಬ್ಯಾಳಿ ಬೆಂತೇನ್ರಿ?"

"ಎಲ್ಲೀ ಬ್ಯಾಳಿರಿ ಅಕ್ಕಾರ!" ಎಂದಿತು ಆ ಕಡೆಯ ದನಿ. "ಎಂಟು ಸೀಟಿ ಹೊಡಿಸೀನಿ, ಕಲ್ಲಿನಂಗ ಕುಂತದ. ನಿಮ್ಮ ಫಿಲ್ಟರ್ ಬಂದ್ ಬಿದ್ದು ಹದಿನೈದು ದಿನಾತು. ಮನಿ ಮಂದಿ ನನ್ನ ಕೈಗುಣ ಕೆಟ್ಟದ ಅಂತ ಅಂದ್ಕೋತಿದ್ದಾರ. ಯಾವಾಗ ಬರ್ತೀರಿ?"

"ಬರ್ತೇವ್ರಿ. ಅಲ್ಲೀತನಕ ನಿಮ್ಮ ಕೈಗುಣದ ಮ್ಯಾಲ ಬಂದ ಮಾತು ನನ್ನ ಮ್ಯಾಲ ಹಾಕ್ರಿ."

ಫೋನಿಟ್ಟು ಒಂದೊಂದೇ ಕಾರ್ಡನ್ನು ಹಿಂದಕ್ಕೆ ಎಳೆಯತೊಡಗಿದರು. ಅಷ್ಟರಲ್ಲಿ ಮ್ಯಾನೇಜರರು ಒಳಬಂದರು. ನೋಡಿ ಅವರ ಮುಖ ಇಳಿದುಹೋಯಿತು.

"ಅಕ್ಕಾರ, ಒಂದ್ ಅರ್ಧಾ ತಾಸು ಹಸಿರೇ ಇರ್ಲಿ ಬಿಡ್ರಿ. ಅವರು ನೋಡಿ ಹೋದ ಮ್ಯಾಲ ಹಿಂದಕ್ಕ ಹಾಕ್ರಿ. ನಿಮ್ಮ ಸಲುವಾಗೇ ಹೇಳ್ಲಿಕತ್ತೇನಿ."

"ಆ ಅರ್ಧಾ ತಾಸಿನ್ಯಾಗ ಚಿಂಚೋಳಿಯಾಗ ಯಾರಿಗೂ ನೀರಡಿಕಿ ಆಗಂಗಿಲ್ಲೇನ್ರಿ ಸಾಹೇಬ್ರೇ?"

ಹನ್ನೊಂದಕ್ಕೆ ಮೀಟಿಂಗು. ಕೋಣೆಯಲ್ಲಿ ನಾಲ್ವರೇ: ದೊಡ್ಡ ಸಾಹೇಬರು, ಮ್ಯಾನೇಜರರು, ಅಕ್ಕ, ನಾನು. ಸಾಹೇಬರು ಚಾಣಾಕ್ಷರು. ನಿನ್ನೆ ಸಂಜೆ ಅವರು ತಮ್ಮ ಊರಿನಿಂದಲೇ ಬೋರ್ಡು ನೋಡಿದ್ದರು, ಪೂರ್ತಿ ಹಸಿರಿತ್ತು. ಇವತ್ತು ಹತ್ತೊಂಬತ್ತು ಹಿಂದಕ್ಕೆ ಬಂದಿವೆ. "ಆಗದ ಕೆಲಸ ಮುಗಿದಿದೆ ಎಂದು ತೋರಿಸಿದವರು ಯಾರು?" ಎಂದು ಕೇಳಿದರು.

ಬೀಳ್ಕೊಡುಗೆಯಲ್ಲಿ ನಾನು ಹೇಳಿದ್ದು: ಆಗ ನಾನು ಎದ್ದು ನಿಂತೆ, 'ನಾನೇ ಸರ್, ಅಕ್ಕನಿಗೆ ಗೊತ್ತಿಲ್ಲ' ಎಂದೆ, ಸತ್ಯ ಹೇಳುವ ಧೈರ್ಯವನ್ನು ಕಲಿಸಿದವರು ಅಕ್ಕ. ಇದೇ ಕಥೆಯನ್ನು ವರ್ಷವರ್ಷ ಹೊಸದಾಗಿ ಸೇರಿದವರಿಗೆ ತರಬೇತಿಯಲ್ಲೂ ಹೇಳಿದ್ದೇನೆ. ಹೇಳುವಾಗ ಕುರ್ಚಿ ಹಿಂದೆ ಸರಿದ ಸದ್ದು ಕೂಡ ನನಗೆ ಕೇಳಿಸುತ್ತಿತ್ತು.

ಅಂದು ಅಕ್ಕನಿಗೆ ಹುದ್ದೆ ಸಿಗಲಿಲ್ಲ. ಹತ್ತೊಂಬತ್ತು ಬಾಕಿ ಇದ್ದುದಕ್ಕೆ ಸಿಗಲಿಲ್ಲವೆಂದೇ ನಾನು ತಿಳಿದೆ. ಮೀಟಿಂಗ್ ಮುಗಿದ ಮೇಲೆ ಅಕ್ಕ ನನಗೆ ಶಿಕ್ಷೆ ಕೊಟ್ಟರು. ಆ ಹತ್ತೊಂಬತ್ತು ಫಿಲ್ಟರುಗಳು ಒಂದೊಂದಾಗಿ ರಿಪೇರಿಯಾದಂತೆ ಆಯಾ ಊರಿಗೆ ನಾನು ಬಸ್ಸಿನಲ್ಲಿ ಹೋಗಬೇಕು, ಒಂದು ಮನೆಯಲ್ಲಿ ಬೇಳೆ ಉಂಡು ಬರಬೇಕು. ಔರಾದ, ಭಾಲ್ಕಿ ತಾಲ್ಲೂಕಿನ ದಾರಿಗಳೆಲ್ಲ ನನಗೆ ಪರಿಚಯವಾದದ್ದು ಹಾಗೆ. ಮನ್ನಳ್ಳಿಯಲ್ಲಿ, ಬೀದರಿನಿಂದ ಬಂದಿದ್ದಾಳೆಂದು ಅಭಿಮಾನದಿಂದ ಕೋಳಿ ಮಾಡಿ ಬಡಿಸಿದರು. ಅಕ್ಕ ಒಪ್ಪಲಿಲ್ಲ. "ಕೋಳಿ ಉಪ್ಪು ನೀರಾಗೂ ಬೇಯ್ತದ," ಎಂದು ಮರುದಿನ ಮತ್ತೆ ಕಳಿಸಿದರು. ಹತ್ತೊಂಬತ್ತು ಊರು ಮುಗಿಯುವಷ್ಟರಲ್ಲಿ ನನ್ನ ಹಳೆಯ ಚೂಡಿದಾರಗಳೆಲ್ಲ ಬಿಗಿಯಾಗಿದ್ದವು.

ಅಕ್ಕ ತಮ್ಮ ಬೋರ್ಡನ್ನೂ ತಿದ್ದಿದರು. ಇನ್ನು ಮೇಲೆ ಯಾವ ಕಾರ್ಡನ್ನೇ ಹಸಿರಿಗೆ ಕಳಿಸಬೇಕಾದರೂ ಒಂದು ಖಾಲಿ ಜಾಗ ತುಂಬಲೇಬೇಕು. ಅದರ ಮೇಲೆ ಅವರು ಬರೆದದ್ದು: 'ಬ್ಯಾಳಿ ಬೆಂದದ್ದು ಯಾರ ಮನ್ಯಾಗ?' ಹೆಸರು ಹಾಕದಿದ್ದರೆ ಕಾರ್ಡು ಅಲುಗುವುದಿಲ್ಲ. ಎರಡು ವರ್ಷದ ನಂತರ ಹೆಡ್ ಆಫೀಸಿನವರು ಅದನ್ನು ಗಮನಿಸಿ, ಬೀದರ್ ಬೋರ್ಡಿನಲ್ಲಿ ಮುಗಿದ ಕೆಲಸ ಮತ್ತೆ ತಕರಾರಾಗಿ ಬರುವುದೇ ಕಡಿಮೆ ಏಕೆಂದು ವಿಚಾರಿಸಿದರು. ಆ ಖಾಲಿ ಜಾಗ ಎಲ್ಲ ಶಾಖೆಗಳಿಗೂ ಹೋಯಿತು. ಅದನ್ನು ಕಲಿಸಲು ಅಕ್ಕನೂ ಹೋದರು, ಶೂ ಹಾಕಿಕೊಂಡು. ಇಂಜಿನಿಯರುಗಳು ಕೂತು ಕೇಳಿ ಬರೆದುಕೊಂಡರಂತೆ. ಬಂದ ಮೇಲೆ ಅಕ್ಕ ವಾರವಿಡೀ ಅದನ್ನೇ ಹೇಳಿದರು. "ನಾ ಕುಂತು ಬರೀತಿದ್ದೆ, ಅವರು ನಿಂತು ಹೇಳ್ತಿದ್ರು. ಈಗ ನಾ ನಿಂತು ಹೇಳೇನಿ, ಅವರು ಕುಂತು ಬರದಾರ. ಮಜಾ ಬಂತವ್ವಾ, ಖರೇ ಹೇಳ್ತೇನಿ, ಭಾಳ ಮಜಾ ಬಂತು." ಆ ವರ್ಷವೇ ಹೊಸ ಐಡಿ ಕಾರ್ಡು ಬಂತು. ಅಡ್ಮಿನಿಸ್ಟ್ರೇಟರ್. ಅಂದು ಮ್ಯಾನೇಜರರು ತಾವೇ ಒಂದು ಕರವಸ್ತ್ರ ತಂದುಕೊಟ್ಟು, "ಈಗ ಒರಸ್ರಿ ನೋಡೂಣು" ಎಂದರು. ಅಕ್ಕ ಕಾರ್ಡನ್ನು ಎರಡೂ ಕೈಯಿಂದ ಮುಚ್ಚಿಕೊಂಡರು.

ಅಕ್ಕ ನಿವೃತ್ತರಾದ ಮೇಲೆ ಬೋರ್ಡಿನ ಅಧಿಕಾರ ನನಗೆ ಬಂತು. ಶಾಖೆಯಲ್ಲಿ ಬೋರ್ಡು ನೋಡಿಕೊಳ್ಳುವವರಿಗೆ ಮಾತ್ರ ಕಾಣುವ ಒಂದು ಪುಟವಿದೆ. ಪ್ರತಿ ಕಾರ್ಡನ್ನು ಯಾರು, ಯಾವಾಗ ಮುಟ್ಟಿದರು ಎಂಬ ಪೂರ್ತಿ ಇತಿಹಾಸ, ಹೆಡ್ ಆಫೀಸಿಗೆ ಬರೆದ ಟಿಪ್ಪಣಿಗಳು, ಅಲ್ಲಿಂದ ಬಂದ ಉತ್ತರಗಳು. ನನ್ನ ಪ್ರಿಯ ಕಥೆಯನ್ನು ಒಮ್ಮೆ ಅಲ್ಲಿ ಓದಿ ಖುಷಿಪಡೋಣವೆಂದು ತೆರೆದೆ. ಹತ್ತೊಂಬತ್ತು ಕಾರ್ಡು ಮುಚ್ಚಿದ್ದು ನನ್ನ ಹೆಸರಿನಲ್ಲಿ, ಸರಿ. ತೆರೆದದ್ದು ಅಕ್ಕ, ಸರಿ. ಕೆಳಗೆ, ಮೀಟಿಂಗಿನ ಮಧ್ಯಾಹ್ನ ಅಕ್ಕ ಬರೆದ ಟಿಪ್ಪಣಿ: 'ಮೀಟಿಂಗಿನಲ್ಲಿ ಹೇಳಿದಂತೆ ತಪ್ಪು ನನ್ನದು. ಯಾರು ಬೇಕಾದರೂ ಕಾರ್ಡು ಮುಚ್ಚಬಹುದೆಂದು ಬೋರ್ಡನ್ನು ಹಾಗೆ ಬಿಟ್ಟಿದ್ದವಳು ನಾನು. ಹೊಸಬರ ಹೆಸರು ಇದರಲ್ಲಿ ಬರಬಾರದು.' ಅದರ ಕೆಳಗೆ ದೊಡ್ಡ ಸಾಹೇಬರ ಉತ್ತರ: ತಪ್ಪು ಒಪ್ಪಿಕೊಂಡ ಕಾರಣ ಬಡ್ತಿಯನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ.

ಮನೆಗೆ ಹೋಗಿ ಆ ವರ್ಷದ ದಿನಚರಿ ಹುಡುಕಿದೆ. ಆ ದಿನದ ಪುಟದಲ್ಲಿ ಮೂರೇ ಸಾಲು: 'ಸಾಹೇಬರು ಕೇಳಿದರು. ಅಕ್ಕ ಎದ್ದು ನಿಂತರು. ನನ್ನ ಕೈಯಲ್ಲಿ ನೀರಿನ ಬಾಟಲಿ ಇತ್ತು.' ನನ್ನದೇ ಅಕ್ಷರ. ನಾನು ಕುಳಿತೇ ಇದ್ದೆ. ಕುರ್ಚಿ ಸರಿದ ಸದ್ದು ನಿಜ. ಅದು ಅಕ್ಕನ ಕುರ್ಚಿ.

ಮ್ಯಾನೇಜರರು ಬಹಳ ಹಿಂದೆಯೇ ವರ್ಗವಾಗಿ ಹೋದರು. ಇಷ್ಟು ವರ್ಷ ನನ್ನ ಕಥೆ ಕೇಳಿಸಿಕೊಂಡವರಲ್ಲಿ ಅದು ಸುಳ್ಳೆಂದು ಬಲ್ಲವರು ಒಬ್ಬರೇ. ಅವರು ಚಪ್ಪಾಳೆ ತಟ್ಟಿದ್ದರು. ಬೋರ್ಡಿನಲ್ಲಿ ಒಂದು ಕಾರ್ಡು ಮಾಡಿದೆ: 'ಭಾಲ್ಕಿಗೆ ಹೋಗಿ ಹೇಳಬೇಕು.' ಅದು ಮೂರು ವಾರ 'ನಿಂತದ' ಕಾಲಂನಲ್ಲಿ ನಿಂತಿತು. ಮೆಕ್ಯಾನಿಕ್ ಒಬ್ಬರು, "ಮೇಡಂ, ಭಾಲ್ಕಿದು ಯಾವ ಸಾಮಾನು ಬರಬೇಕ್ರಿ? ನಾ ಹೋಗಿ ಬರ್ಲೇನು?" ಎಂದು ಕೇಳಿದ ಮೇಲೆ ನಾಚಿಕೆಯಾಗಿ, ಕಳೆದ ಭಾನುವಾರ ಹೋದೆ.

ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಹೊಸ ಐಡಿ ಕಾರ್ಡು ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುತ್ತಿತ್ತು. ಹಳೆಯದನ್ನು ಬೀಗದ ಕೈ ಗೊಂಚಲಿಗೆ ಕಟ್ಟಿದ್ದರು. ನಾನು ನೀರು ಕೂಡ ಕುಡಿಯದೆ ಶುರು ಮಾಡಿದೆ.

"ಅಕ್ಕಾ, ಅವತ್ತ ಮೀಟಿಂಗಿನ್ಯಾಗ ನಾ ಎದ್ದು ನಿಂತಿರ್ಲಿಲ್ಲ."

"ಹೂಂ. ಕುಂತಿದ್ದಿ. ನೀರಿನ ಬಾಟ್ಲಿ ಮುಚ್ಚಳ ತಿರುವಿಕೋತ ಕುಂತಿದ್ದಿ."

"ಮತ್ತ ಇಷ್ಟು ವರ್ಷ ಯಾಕ ಸುಮ್ನಿದ್ರಿ? ಚಪ್ಪಾಳಿ ಬ್ಯಾರೆ ಹೊಡದ್ರಿ!"

"ಛಲೋ ಹೇಳಿದ್ಯಲ್ಲ, ಹೊಡದೆ." ಹಂಚಿನ ಮೇಲಿನ ರೊಟ್ಟಿ ತಿರುವಿದರು. "ಮೊದಲನೇ ಸಲ ಕೇಳಿದಾಗ ಸಿಟ್ಟು ಬಂದಿತ್ತವ್ವಾ. ಈ ಹುಡುಗಿಗಿ ನಾಚಿಕಿ ಇಲ್ಲಲ್ಲ ಅನ್ಕೊಂಡೆ. ಆಮ್ಯಾಲ ನಿನ್ನ ಮುಖ ನೋಡಿದೆ, ನೀ ಖರೇನೇ ನಂಬಿದ್ದಿ. ಹೋದ ವರ್ಷ ಔರಾದದಾಗ ಮೋಟಾರ್ ಸುಟ್ಟಾಗ ತಪ್ಪು ನಂದು ಅಂತ ಯಾರು ಎದ್ದು ನಿಂತ್ರು?"

"ನಾನೇ ಅಕ್ಕಾ."

"ಅದಕ್ಕ. ಆ ಕಥಿ ಹೇಳಿ ಹೇಳಿ ನಿಲ್ಲೋದು ಕಲ್ತಿ. ನಡೂವ ನಾ ಯಾಕ ಬಾಯಿ ಹಾಕ್ಲಿ?"

ಅಷ್ಟು ಸುಲಭವಾಗಿ ಪಾರಾಗಬಾರದೆನಿಸಿತು ನನಗೆ. "ನಿಮ್ಮ ಎರಡು ವರ್ಷ ಹೋದ್ವಲ್ಲ," ಎಂದೆ.

ಅಕ್ಕ ರೊಟ್ಟಿಯನ್ನು ಹಂಚಿನಿಂದ ತೆಗೆದು ಬುಟ್ಟಿಗೆ ಹಾಕಿದರು.

"ಹೋದ್ವು. ಅದಕ್ಕ ಸಿಟ್ಟು ಅದ. ಇಲ್ಲ ಅಂದ್ರ ಸುಳ್ಳಾಗ್ತದ. ಅದಕ್ಕೇ ಇವತ್ತಿನ ಭಾಂಡಿ ನೀನೇ ತಿಕ್ಕು. ದೊಡ್ಡ ಪಾತೇಲಿ ಸೈತ."

ಹೊರಗಿನ ಅಂಗಡಿಯಿಂದ ಯಜಮಾನರು ಮರಾಠಿಯಲ್ಲಿ ಏನೋ ಹೇಳಿ ನಕ್ಕರು. ಅಕ್ಕ ಮರಾಠಿಯಲ್ಲೇ ಉತ್ತರ ಕೊಟ್ಟರು. ಆಗ ನನಗೆ ಸಮಾಧಾನವಾಯಿತು.

ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಗಟ್ಟಿ ಬೇಳೆ. ಮೊದಲ ತುತ್ತು ಬಾಯಿಗಿಟ್ಟಾಗ ಅಕ್ಕ ಕೈ ಒರೆಸಿಕೊಂಡು ಎದುರಿಗೆ ಕುಳಿತರು.

"ಬ್ಯಾಳಿ ಬೆಂದದೇನು?"

"ಬೆಂದದ ಅಕ್ಕಾ."

"ಬೋರ್ಡಿನ್ಯಾಗ ಕಾರ್ಡು ಮಾಡಿರ್ತೀಯಲ್ಲ ಇದಕ್ಕ? ನನಗ ಗೊತ್ತದ ನಿನ್ನ ಹಣೆಬರಹ. ನಾಳಿಗಿ ಹೋಗಿ ಮುಚ್ಚು. ಭಾಂಡಿ ತಿಕ್ಕಿದ ಮ್ಯಾಲ."

ಸೋಮವಾರ ಆಫೀಸಿಗೆ ಹೋಗಿ ಆ ಕಾರ್ಡನ್ನು ಹಸಿರಿಗೆ ಎಳೆದೆ. ಅದು ಅಲುಗಲಿಲ್ಲ, ಬೇಳೆ ಬೆಂದದ್ದು ಯಾರ ಮನೆಯಲ್ಲಿ ಎಂದು ಕೇಳಿತು. ಇಲ್ಲಿ ಬರೆಯದ ಹೆಸರನ್ನು ಅಲ್ಲಿ ಪೂರ್ತಿಯಾಗಿ, ಅಪ್ಪನ ಹೆಸರಿನೊಂದಿಗೆ ಬರೆದೆ. ಆಗ ಸರಿಯಿತು.